ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್‌ಗೆ ಬಂದೆ, ಅಪ್ಪನ ನುಡಿ ಫೈಲುಗಳ ಸಮೇತ

ನಮ್ಮನೆ ಲ್ಯಾಪ್‌ಟಾಪು 6ನೇ ಜನರೇಷನ್ ಐ3, 4 ಜಿಬಿ ರ‍್ಯಾಮು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಲ್ಲುತ್ತೆ ಅಂತ ಸ್ಕ್ರೀನ್ ಮೇಲೆ ಪದೇ ಪದೇ ಬರೋಕೆ ಶುರುವಾದಾಗ ಎಲ್ರ ಥರ ನಾನೂ 11ಕ್ಕೆ ಹೋಗೋಣ ಅಂತ ಚೆಕ್ ಮಾಡಿದ್ರೆ ಆಗಲ್ಲ ಅಂತು. ಇಂಟೆಲ್ ಆದ್ರೆ 8ನೇ ಜನರೇಷನ್ನೋ ಅದಕ್ಕಿಂತ ಮೇಲಿಂದೋ ಇರ್ಬೇಕು, ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಚಿಪ್ ಬೇಕು. ಅಡ್ಡದಾರಿಲಿ ಹಾಕ್ಕೊಳ್ಳೋಕೆ ಯೂಟ್ಯೂಬ್ ತುಂಬಾ ವಿಡಿಯೋ ಇವೆ, ಆದ್ರೆ ಹಂಗೆ ಹಾಕಿದ ಮಷೀನಿಗೆ ಮುಂದೆ ಅಪ್‌ಡೇಟ್ ಬರುತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ. ಇನ್ನೊಂದು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಎಕ್ಸ್‌ಟೆಂಡ್ ಮಾಡ್ಕೊಳ್ಳೋ ದಾರಿನೂ ಇತ್ತು, ಆಮೇಲೆ ಮತ್ತದೇ ಕತೆ. ಕೀಬೋರ್ಡು ಸ್ಕ್ರೀನು ಎಲ್ಲಾ ಸರಿಯಾಗಿರೋ ಮಷೀನನ್ನ ಗುಜರಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ, ಸರಿ ವಿಂಡೋಸ್ ಬದಲು ಫ್ರೀಯಾಗಿ ಸಿಗೋ ಲಿನಕ್ಸ್ ನೋಡೇಬಿಡೋಣ ಅಂತ ಕೂತೆ.

ಲಿನಕ್ಸ್ ನಂಗೆ ಪೂರ್ತಿ ಹೊಸದೇನಲ್ಲ. ಕಾಲೇಜಲ್ಲಿದ್ದಾಗ ಉಬುಂಟು ಅನ್ನೋ ಲಿನಕ್ಸಿನ ಸಿಡಿನ ಪೋಸ್ಟಲ್ಲಿ ಫ್ರೀಯಾಗಿ ಕಳಿಸ್ತಿದ್ರು, ಹೆಸರು ಅಡ್ರೆಸ್ಸು ಕೊಟ್ರೆ ಸಾಕು, ಹಾಸ್ಟೆಲ್ಲಲ್ಲಿ ಎಲ್ರ ಹತ್ರನೂ ಒಂದೊಂದು ಇರ್ತಿತ್ತು, ಹಾಕ್ತಿದ್ದೋರು ಮಾತ್ರ ಕಮ್ಮಿ. 2011ರಲ್ಲಿ ಅದನ್ನ ನಿಲ್ಲಿಸಿದ್ರು. ಆಗೆಲ್ಲ ಹಾಡು ಕೇಳ್ಬೇಕು ಅಂದ್ರೂ ಏನಾದ್ರೂ ಹುಡುಕಿ ಇನ್‌ಸ್ಟಾಲ್ ಮಾಡ್ಬೇಕಿತ್ತು, ಈಗ ಆ ತಲೆನೋವಿಲ್ಲ. ಈ ಸಲ ತಗೊಂಡಿದ್ದು ಲಿನಕ್ಸ್ ಮಿಂಟ್ 22, ಸಿನಮನ್ ಎಡಿಷನ್. ಉಬುಂಟು 24.04 ಮೇಲೆ ಕಟ್ಟಿರೋದು, 2029ರವರೆಗೆ ಅಪ್‌ಡೇಟ್ ಇದೆ. ಕೆಳಗಡೆ ಪಟ್ಟಿ, ಎಡಗಡೆ ಮೂಲೆಲಿ ಮೆನು, ವಿಂಡೋಸ್ 7 ನೋಡಿದೋರಿಗೆ ಹೊಸದು ಅಂತ ಅನ್ಸೋದೇ ಇಲ್ಲ.

ಹಾಕೋ ಕೆಲಸ ದೊಡ್ಡದೇನಲ್ಲ ಬಿಡಿ. ಸುಮಾರು 3 ಜಿಬಿ ಫೈಲು ಡೌನ್‌ಲೋಡ್ ಮಾಡಿ, ರೂಫಸ್ ಅನ್ನೋ ಸಾಫ್ಟ್‌ವೇರಲ್ಲಿ 8 ಜಿಬಿ ಪೆನ್‌ಡ್ರೈವಿಗೆ ಬರೆದು, ಆನ್ ಮಾಡೋವಾಗ ಎಫ್12 ಒತ್ತಿ ಪೆನ್‌ಡ್ರೈವ್ ಆರಿಸಿದ್ರೆ ಡಿಸ್ಕನ್ನ ಮುಟ್ಟದೇನೇ ಇಡೀ ಸಿಸ್ಟಮ್ಮು ಎದ್ದು ಬರುತ್ತೆ (ಕೆಲವು ಕಂಪನಿಲಿ ಬೇರೆ ಕೀ ಇರುತ್ತೆ). ಇನ್‌ಸ್ಟಾಲ್ ಬಟನ್ ಒತ್ತೋಕೆ ಮುಂಚೆ ಹಂಗೇ ಒಂದು ಸಂಜೆ ಪೂರ್ತಿ ಉಪಯೋಗಿಸಿ ನೋಡಿ. ಸೌಂಡು, ಕ್ಯಾಮೆರಾ, ಮುಚ್ಚಿ ತೆಗೆದ್ರೆ ಎದ್ದೇಳುತ್ತಾ, ಪ್ರಿಂಟ್ ಹೋಗುತ್ತಾ. ನಂದ್ರಲ್ಲಿ ವೈಫೈ ಒಂದು ಕಾಣಿಸ್ಲೇ ಇಲ್ಲ. ಫೋನಿಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ನೆಟ್ ಬಂತು, ಇನ್‌ಸ್ಟಾಲ್ ಆದ್ಮೇಲೆ ಡ್ರೈವರ್ ಮ್ಯಾನೇಜರ್ ತೆಗೆದ್ರೆ ವೈಫೈ ಡ್ರೈವರ್ ಅಲ್ಲೇ ಕೂತಿತ್ತು, ಒಂದು ಕ್ಲಿಕ್ಕು, ಒಂದು ರೀಸ್ಟಾರ್ಟು, ಮುಗೀತು. ಪ್ರಿಂಟರ್‌ದು ವೈಫೈ ಇರೋದು, ಅದನ್ನ ಅದೇ ಹುಡುಕ್ಕೊಂತು.

ವಿಂಡೋಸ್ ಪೂರ್ತಿ ತೆಗೀಲಿಲ್ಲ, ಪಕ್ಕದಲ್ಲೇ ಇಟ್ಕೊಂಡೆ. ಹಂಗೆ ಎರಡೂ ಇಟ್ಕೊಳ್ಳೋರಿಗೆ ಎರಡು ವಿಷಯ ಗೊತ್ತಿರ್ಲಿ. ಮೊದಲನೇದು, ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಇರುತ್ತೆ, ಅದನ್ನ ಆಫ್ ಮಾಡಿ. ಅದು ಆನ್ ಇದ್ರೆ ವಿಂಡೋಸ್ ನಿಜವಾಗ್ಲೂ ಶಟ್‌ಡೌನ್ ಆಗಿರಲ್ಲ, ಅರೆನಿದ್ದೆಲಿರುತ್ತೆ, ಲಿನಕ್ಸಿಂದ ಆ ಡ್ರೈವ್ ತೆಗೆದ್ರೆ ಓದಬಹುದು ಆದ್ರೆ ಏನೂ ಸೇವ್ ಮಾಡೋಕೆ ಬಿಡಲ್ಲ. ಎರಡನೇದು ಗಡಿಯಾರ. ಲಿನಕ್ಸ್ ಉಪಯೋಗಿಸಿ ಆಮೇಲೆ ವಿಂಡೋಸ್‌ಗೆ ಹೋದ್ರೆ ರಾತ್ರಿ 8 ಗಂಟೆ ಇರೋದು ಮಧ್ಯಾಹ್ನ ಎರಡೂವರೆ ಅಂತ ತೋರಿಸುತ್ತೆ. ಬ್ಯಾಟರಿ ಹೋಗಿದೆ ಅಂತ ಅಂಗಡಿಗೆ ಓಡ್ಬೇಡಿ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನ್‌ವಿಚ್ ಟೈಮ್ ಬರೆದಿಡುತ್ತೆ, ವಿಂಡೋಸ್ ಅದನ್ನೇ ನಮ್ಮೂರ ಟೈಮು ಅಂದ್ಕೊಳ್ಳುತ್ತೆ, ಭಾರತಕ್ಕೂ ಅದಕ್ಕೂ ಇರೋ ಐದೂವರೆ ಗಂಟೆ ವ್ಯತ್ಯಾಸ ಇದು. ಲಿನಕ್ಸ್ ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಕಮಾಂಡ್, 'ಲೋಕಲ್ ಆರ್‌ಟಿಸಿ' ಅಂತ ಹುಡುಕಿದ್ರೆ ಸಿಗುತ್ತೆ, ಅದನ್ನ ಕೊಟ್ರೆ ಸರಿಹೋಗುತ್ತೆ.

ಇಷ್ಟೆಲ್ಲ ಒಂದು ಶನಿವಾರ ಭಾನುವಾರದಲ್ಲಿ ಆಗೋ ಕೆಲಸ. ಕೂತು ತಲೆ ಕೆಡಿಸ್ಕೊಂಡಿದ್ದು ಕನ್ನಡಕ್ಕೆ.

ನಮ್ಮಪ್ಪ ತಾಲ್ಲೂಕು ಕಚೇರಿಲಿ ಕೆಲಸ ಮಾಡಿ ರಿಟೈರ್ ಆದೋರು, ಟೈಪಿಂಗ್ ಕಲಿತಿದ್ದೇ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ. ಈಗ ಊರಿನ ದೇವಸ್ಥಾನದ ಟ್ರಸ್ಟಿನ ನಡಾವಳಿ, ತಹಶೀಲ್ದಾರರಿಗೆ ಅರ್ಜಿ, ಜಾತ್ರೆ ಲೆಕ್ಕ ಎಲ್ಲಾ ಅವರದ್ದೇ. ಮಿಂಟ್ ಹಾಕಿದ ಮೇಲೆ ಮೊದಲನೇ ಸಲ ಫೈಲ್ ತೆಗೆದವರು "ಏನೋ ಮಾರಾಯ ಇದು, ನನ್ನ ಅಕ್ಷರ ಎಲ್ಲೋದ್ವು?" ಅಂತ ಕೂಗಿದ್ರು. ಹೋಗಿ ನೋಡಿದ್ರೆ 'ಕನ್ನಡ' ಅಂತ ಇರೋ ಜಾಗದಲ್ಲಿ ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರೋ ಎ, ಬ್ರಿಟನ್ನಿನ ಪೌಂಡ್ ಗುರುತು, ಆಮೇಲೆ ಜರ್ಮನ್ ಅಕ್ಷರ ಒಂದು. ಹಳೇ ನುಡಿ ಫೈಲ್ ಒಳಗಡೆ ಇರೋದೇ ಇದು, ಕನ್ನಡದ ಅಕ್ಷರ ಅನ್ನೋದು ಫೈಲಲ್ಲಿ ಇಲ್ವೇ ಇಲ್ಲ, ಫಾಂಟು ಆ ಗುರುತುಗಳ ಮೇಲೆ ಕನ್ನಡದ ಚಿತ್ರ ಬಿಡಿಸಿ ತೋರಿಸ್ತಿತ್ತು ಅಷ್ಟೆ. ವಿಂಡೋಸ್‌ನಲ್ಲಿ ನುಡಿ ಹಾಕಿದಾಗ ಫಾಂಟೂ ಜೊತೆಲೇ ಬಂದಿರುತ್ತೆ, ಅದಕ್ಕೆ ಇಷ್ಟು ವರ್ಷ ಗೊತ್ತಾಗಿರ್ಲಿಲ್ಲ.

"ಇರಿ ಅಪ್ಪ, ಎಲ್ಲೂ ಹೋಗಿಲ್ಲ" ಅಂದು ವಿಂಡೋಸ್ ಕಡೆಯಿಂದ ನುಡಿ ಫಾಂಟ್ ಫೈಲುಗಳನ್ನ ಕಾಪಿ ಮಾಡಿ, ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟೆ, ವರ್ಡ್ ಬದಲು ಇಲ್ಲಿರೋ ಲಿಬ್ರೆ ಆಫೀಸ್ ಮುಚ್ಚಿ ತೆಗೆದ್ರೆ ಅಕ್ಷರ ಎಲ್ಲಾ ವಾಪಸ್. ಓದೋಕೆ, ಪ್ರಿಂಟ್ ತೆಗೆಯೋಕೆ ಇಷ್ಟು ಸಾಕು. ಹೊಸದಾಗಿ ಟೈಪ್ ಮಾಡೋದನ್ನ ಮಾತ್ರ ಯುನಿಕೋಡಲ್ಲೇ (ಕನ್ನಡದ ಅಕ್ಷರಾನೇ ಫೈಲಲ್ಲಿ ಉಳಿಯೋ ಪದ್ಧತಿ) ಮಾಡೋಣ ಅಂತ ಅಪ್ಪನ್ನ ಒಪ್ಪಿಸಿದೆ, ಅವರ ಷರತ್ತು ಒಂದೇ, ಬೆರಳು ಬದಲಾಯಿಸಲ್ಲ ಅಂತ. ಇಷ್ಟು ವರ್ಷ ಎಫ್ ಒತ್ತಿದ್ರೆ ಒತ್ತಕ್ಷರ, ಡಬ್ಲ್ಯೂ ಒತ್ತಿದ್ರೆ ಡ, ಕ್ಯೂ ಒತ್ತಿದ್ರೆ ಟ ಅಂತ ಕೂತಿರೋ ಬೆರಳು, ತಪ್ಪಲ್ಲ ಅವರ ಮಾತು.

ಅದಕ್ಕೇನೂ ಡೌನ್‌ಲೋಡ್ ಮಾಡೋದೇ ಬೇಕಾಗಿಲ್ಲ ಅನ್ನೋದು ನಂಗೂ ಆಶ್ಚರ್ಯ. ಕೀಬೋರ್ಡ್ ಸೆಟ್ಟಿಂಗಲ್ಲಿ ಲೇಔಟ್ ಸೇರಿಸೋವಾಗ ಕನ್ನಡ ಅಂತ ಬರೀ ಒಂದಿರುತ್ತೆ, ಪಕ್ಕದಲ್ಲಿ ಕಗಪ ಅಂತ ಇನ್ನೊಂದಿರುತ್ತೆ. ಮೊದಲನೇದನ್ನ ಆರಿಸಿದ್ರೆ ಇನ್‌ಸ್ಕ್ರಿಪ್ಟ್ ಅನ್ನೋ ಬೇರೆ ಕೀ ಜೋಡಣೆ ಬರುತ್ತೆ, ನುಡಿಯವರಿಗೆ ಒಂದಕ್ಷರಾನೂ ಸಿಗಲ್ಲ. ಕಗಪ ಆರಿಸಿದ್ರೆ ಕೆ.ಪಿ. ರಾವ್ ಅವರ ವಿನ್ಯಾಸ, ನುಡಿಲಿರೋದು ಅದೇ. ನುಡಿಲಿ ಕನ್ನಡ ಇಂಗ್ಲಿಷ್ ಬದಲಾಯಿಸೋಕೆ ಸ್ಕ್ರಾಲ್ ಲಾಕ್ ಒತ್ತೋ ಅಭ್ಯಾಸ ಅಪ್ಪಂದು, ಲೇಔಟ್ ಆಪ್ಷನ್ಸ್ ಒಳಗೆ ಹುಡುಕಿದ್ರೆ ಅದೂ ಇದೆ ಮಾರಾಯ್ರೆ! ಲ್ಯಾಪ್‌ಟಾಪಲ್ಲಿ ಆ ಕೀ ಇಲ್ಲ, ಅಪ್ಪ ಹೊರಗಡೆ ಕೀಬೋರ್ಡ್ ಹಾಕ್ಕೊಂಡೇ ಟೈಪ್ ಮಾಡೋದು, ಹಂಗಾಗಿ ತೊಂದ್ರೆ ಆಗ್ಲಿಲ್ಲ. ಬರಹ ಸಾಫ್ಟ್‌ವೇರ್ ಥರ ಇಂಗ್ಲಿಷ್ ಸ್ಪೆಲಿಂಗಲ್ಲಿ ಹೊಡೆಯೋರಿಗೆ ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರು ಮತ್ತೆ ಅದರ ಎಂ17ಎನ್ ಅನ್ನೋ ಪ್ಯಾಕೇಜ್ ಹಾಕ್ಕೊಂಡ್ರೆ ಹಂಗೇ ಹೊಡೆಯೋ ಐಟ್ರಾನ್ಸ್ ಅನ್ನೋ ವಿಧಾನ ಸಿಗುತ್ತೆ.

ಫಾಂಟಿನ ವಿಷಯ ಇನ್ನೊಂದಿದೆ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾದಲ್ಲಿ ಮಾಡಿದ ಡಾಕ್ಯುಮೆಂಟು ಇಲ್ಲಿ ತೆಗೆದ್ರೆ ಆ ಫಾಂಟ್ ಇರಲ್ಲ, ಅದರ ಜಾಗಕ್ಕೆ ನೋಟೋನೋ ಲೋಹಿತೋ ಬಂದು ಕೂರುತ್ತೆ, ಸಾಲಿನ ಎತ್ತರ ಬದಲಾಗಿ ಒಂದು ಪೇಜಿನ ಅರ್ಜಿ ಸಹಿ ಮಾತ್ರ ಎರಡನೇ ಪೇಜಿಗೆ ಹೋಗಿರುತ್ತೆ. ಕಳಿಸೋದೆಲ್ಲ ಪಿಡಿಎಫ್ ಮಾಡಿ ಕಳಿಸೋದು ನಮ್ಮನೆ ನಿಯಮ ಈಗ. ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟು ಸಾಫ್ಟ್‌ವೇರ್ ಮ್ಯಾನೇಜರಲ್ಲೇ ಸಿಗುತ್ತೆ, ಅಪ್ಪನಿಗೆ ಗುಬ್ಬಿ ಹಿಡಿಸ್ತು.

ಹಳೇ ಫೈಲುಗಳನ್ನ ಯುನಿಕೋಡಿಗೆ ತರೋಕೆ ಕನ್ವರ್ಟರ್‌ಗಳಿವೆ, ಕೆಲಸನೂ ಮಾಡ್ತವೆ, ಆದ್ರೆ ಕಣ್ಮುಚ್ಕೊಂಡು ನಂಬೋ ಹಾಗಿಲ್ಲ. ನಡಾವಳಿ ಮಧ್ಯೆ ಇಂಗ್ಲಿಷಲ್ಲಿ ಬ್ಯಾಂಕ್ ಹೆಸರೋ ಬಿಲ್ ನಂಬರೋ ಇದ್ರೆ ಅದನ್ನೂ ನುಡಿ ಅಂದ್ಕೊಂಡು ಕನ್ನಡದ ಏನೇನೋ ಅಕ್ಷರ ಮಾಡಿಬಿಡುತ್ತೆ. ಹಂಗಾಗಿ ನಾನು ಮಾಡೋದು ಹಿಂಗೆ: ಮೂಲ ಫೈಲಿನ ಪಿಡಿಎಫ್ ಒಂದು ಪಕ್ಕ, ಕನ್ವರ್ಟ್ ಆಗಿದ್ದು ಇನ್ನೊಂದು ಪಕ್ಕ, ಅಪ್ಪ ಓದ್ತಾರೆ ನಾನು ತಿದ್ದುತೀನಿ. ಇದರ ಲಾಭ ಏನು ಅಂದ್ರೆ ಹುಡುಕಬಹುದು. ಕಾಂಪೌಂಡ್ ಗೋಡೆ ಬಗ್ಗೆ ಯಾವ ಮೀಟಿಂಗಲ್ಲಿ ಠರಾವ್ ಆಯ್ತು ಅಂತ ಟ್ರಸ್ಟಲ್ಲಿ ಜಗಳ ಬಂದಾಗ ಫೈಲ್ ಮ್ಯಾನೇಜರಲ್ಲಿ 'ಕಾಂಪೌಂಡ್' ಅಂತ ಹೊಡೆದ್ರೆ ಬಂತು, ಅವತ್ತಿಂದ ಅಪ್ಪ ಲಿನಕ್ಸ್ ಪಾರ್ಟಿ.

ಸ್ಪೀಡ್ ಬಗ್ಗೆ ಕೇಳ್ತಾರೆ ಎಲ್ರೂ. ಜಾಸ್ತಿ ಆಗಿದೆ, ಆದ್ರೆ ಅದೇ ಟೈಮಲ್ಲಿ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದೆ, ಅರ್ಧಕ್ಕಿಂತ ಹೆಚ್ಚು ಕ್ರೆಡಿಟ್ ಅದಕ್ಕೇ ಹೋಗ್ಬೇಕು. ಲಿನಕ್ಸ್ ಹಾಕಿದ ತಕ್ಷಣ ಹಳೇ ಮಷೀನ್ ಹೊಸದಾಗುತ್ತೆ ಅನ್ನೋ ಮಾತು ನಾನಂತೂ ಯಾರಿಗೂ ಹೇಳಲ್ಲ. 4 ಜಿಬಿಲಿ ಬ್ರೌಸರ್ ತುಂಬಾ ಟ್ಯಾಬ್ ತೆಗೆದಿಟ್ರೆ ಇಲ್ಲೂ ಒದ್ದಾಡುತ್ತೆ.

ಎಲ್ರಿಗೂ ಆಗಲ್ಲ ಇದು. ನನ್ನ ಫ್ರೆಂಡ್ ಒಬ್ಬ ಲೆಕ್ಕಪತ್ರ ನೋಡೋನು, ದಿನಾ ಟ್ಯಾಲಿ, ಅದು ಲಿನಕ್ಸಿಗೆ ಬರಲ್ಲ, ಅವನಿಗೆ ಸುಮ್ನೆ ವಿಂಡೋಸಲ್ಲೇ ಇರು ಅಂದೆ. ಪೇಜ್‌ಮೇಕರ್, ಫೋಟೋಶಾಪ್ ಇಟ್ಕೊಂಡು ಡಿಟಿಪಿ ಮಾಡೋರಿಗೂ ಅಷ್ಟೆ. ವಾಟ್ಸಾಪ್ ಬ್ರೌಸರಲ್ಲಿ, ನೆಟ್‌ಬ್ಯಾಂಕಿಂಗ್ ಬ್ರೌಸರಲ್ಲಿ, ಮಗಳ ಹೋಂವರ್ಕು ಬ್ರೌಸರಲ್ಲಿ ಅಂತ ಇರೋ ನಮ್ಮಂಥೋರಿಗೆ ಕೆಳಗಡೆ ಯಾವ ಓಎಸ್ ಇದ್ರೂ ನಡೆಯುತ್ತೆ. ಟೈಮ್‌ಶಿಫ್ಟ್ ಒಂದನ್ನ ಮೊದಲನೇ ದಿನವೇ ಆನ್ ಮಾಡಿಟ್ಬಿಡಿ, ಅಪ್‌ಡೇಟ್‌ನಲ್ಲಿ ಏನಾದ್ರೂ ಕೆಟ್ರೆ ಹಿಂದಿನ ಸ್ಥಿತಿಗೆ ಹೋಗಬಹುದು. ಅದು ಸಿಸ್ಟಮ್ಮನ್ನ ಮಾತ್ರ ಕಾಯೋದು, ನಿಮ್ಮ ಫೋಟೋ ಡಾಕ್ಯುಮೆಂಟ್ ಬ್ಯಾಕಪ್ ಬೇರೆ ತಗೋಬೇಕು.

ವಿಂಡೋಸ್ ಇನ್ನೂ ಆ ಪಾರ್ಟಿಷನ್ನಲ್ಲಿದೆ, ನೆಟ್‌ಗೆ ಕನೆಕ್ಟ್ ಮಾಡಲ್ಲ, ಹಳೇ ನುಡಿ ಫೈಲ್ ಒಂದನ್ನ ಮೂಲದಲ್ಲಿ ಹೆಂಗಿತ್ತು ಅಂತ ನೋಡೋಕೆ ಮಾತ್ರ ತೆಗೆಯೋದು. ಕನ್ವರ್ಷನ್ ಎಲ್ಲಾ ಆದ್ಮೇಲೆ ಅದನ್ನೂ ಅಳಿಸೋ ಪ್ಲಾನ್ ಇದೆ, ಸದ್ಯಕ್ಕೆ 2009ರ ನಡಾವಳಿ ನಡೀತಿದೆ.