ಟೂರ್ನಿಕೆ: ಕಫ್ ಕಟ್ಟುವಲ್ಲಿಂದ ಗಾಳಿ ಬಿಡುವವರೆಗೆ

ಆಪರೇಷನ್ ವೇಳೆ ಕೈಕಾಲಿಗೆ ರಕ್ತ ಹರಿಯದಂತೆ ತಡೆಯುವ ಸಾಧನ ಟೂರ್ನಿಕೆ; ಗಾಳಿ ತುಂಬಿ ಅಂಗವನ್ನು ಒತ್ತುವ ಅದರ ಪಟ್ಟಿಯೇ ಕಫ್. ಮೊದಲು ಕಫ್ ಆರಿಸಿ. ಅಗಲ ಹೆಚ್ಚಿದಷ್ಟೂ ಕಡಿಮೆ ಒತ್ತಡಕ್ಕೇ ರಕ್ತ ನಿಲ್ಲುತ್ತದೆ. ಹಾಗಾಗಿ ಅಂಗದ ವ್ಯಾಸದ ಅರ್ಧಕ್ಕಿಂತ ಅಗಲವಾದದ್ದೇ ಇರಲಿ. ಸುತ್ತಿದಾಗ ತುದಿಗಳು 7ರಿಂದ 15 ಸೆಂ.ಮೀ. ಒಂದರ ಮೇಲೊಂದು ಬರಬೇಕು. ತೋಳು, ತೊಡೆಗಳ ಮಾಂಸಲವಾದ ಮೇಲ್ಭಾಗದಲ್ಲಿ ಸುಕ್ಕಿಲ್ಲದಂತೆ ಎರಡು ಸುತ್ತು ಹತ್ತಿ ಸುತ್ತಿ, ಅದರ ಮೇಲೆ ಕಟ್ಟಿ. ಸರಿಯಾಗಿ ಕೂರದಿದ್ದರೆ ತಿರುಗಿಸಿ ಎಳೆಯಬೇಡಿ, ಅಡಿಯ ಚರ್ಮ ತಿರುಚಿಕೊಳ್ಳುತ್ತದೆ. ಬಿಚ್ಚಿ ಮತ್ತೆ ಕಟ್ಟಿ.

ಚರ್ಮ ಶುಚಿಗೊಳಿಸುವ ಮುನ್ನ ಕಫ್‌ನ ಕೆಳಅಂಚಿಗೆ ಅಂಟುವ ಪ್ಲಾಸ್ಟಿಕ್ ಡ್ರೇಪ್ ಸುತ್ತಲೂ ಹಚ್ಚಿ. ಪೊವಿಡೋನ್ ಅಯೋಡಿನ್ ಆಗಲಿ, ಸ್ಪಿರಿಟ್ ಇರುವ ದ್ರಾವಣವಾಗಲಿ ಹತ್ತಿಗೆ ಇಳಿದರೆ ಆರದೆ ಉಳಿದು, ಒತ್ತಡದ ಅಡಿಯಲ್ಲಿ ಚರ್ಮವನ್ನು ಸುಡುತ್ತದೆ. ಕಫ್ ಬಿಚ್ಚಿದಾಗ ಪಟ್ಟಿಯಾಕಾರದಲ್ಲಿ ಕೆಂಪಾಗಿ ಗುಳ್ಳೆ ಎದ್ದಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ.

ತೋಳಿಗೆ 250, ತೊಡೆಗೆ 300 ಮಿ.ಮೀ. ಪಾದರಸ ಎಂದು ಎಲ್ಲರಿಗೂ ಒಂದೇ ಒತ್ತಡ ಇಡುವ ರೂಢಿ ಬಿಡಬೇಕು. ಡಾಪ್ಲರ್‌ನಲ್ಲಿ (ರಕ್ತ ಹರಿಯುವ ಸದ್ದು ಕೇಳಿಸುವ ಯಂತ್ರ) ನಾಡಿ ಕೇಳುತ್ತಾ ನಿಧಾನವಾಗಿ ಗಾಳಿ ತುಂಬಿ. ಸದ್ದು ನಿಂತ ಅಂಕಿಯೇ ಆಧಾರ. ಅದು 130 ಮಿ.ಮೀ. ಪಾದರಸದೊಳಗಿದ್ದರೆ 40, 131–190 ಇದ್ದರೆ 60, ಅದಕ್ಕೂ ಮೇಲಿದ್ದರೆ 80 ಸೇರಿಸಿ. ಮಕ್ಕಳಿಗೆ 50 ಸೇರಿಸಿದರೆ ಸಾಕು. ಒತ್ತಡ ಅತಿಯಾದರೆ ನರಕ್ಕೆ ಪೆಟ್ಟು. ಸಾಲದಿದ್ದರೆ ಅಭಿಧಮನಿ ಮಾತ್ರ ಮುಚ್ಚಿ, ಅಪಧಮನಿಯಿಂದ ರಕ್ತ ಬರುತ್ತಲೇ ಇರುತ್ತದೆ. ಆಗ ಟೂರ್ನಿಕೆ ಇಲ್ಲದಾಗ ಆಗುವುದಕ್ಕಿಂತ ಹೆಚ್ಚು ರಕ್ತ ಜಿನುಗುತ್ತದೆ.

ಆ್ಯಂಟಿಬಯಾಟಿಕ್ ಪೂರ್ತಿ ಒಳಗೆ ಹೋದ ಮೇಲಷ್ಟೇ ಗಾಳಿ ತುಂಬಿ. ಔಷಧಿ ಕೊಡುವುದು ತಡವಾದರೆ ಅದು ಗಾಯದ ಜಾಗಕ್ಕೆ ತಲುಪದು. ತುಂಬುವ ಮುನ್ನ ಎಸ್ಮಾರ್ಕ್ ಬ್ಯಾಂಡೇಜನ್ನು (ಹಿಗ್ಗುವ ರಬ್ಬರ್ ಪಟ್ಟಿ) ಬೆರಳ ತುದಿಯಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ ರಕ್ತ ಖಾಲಿ ಮಾಡಿ. ಸೋಂಕು, ಗಡ್ಡೆ ಅಥವಾ ರಕ್ತ ಹೆಪ್ಪುಗಟ್ಟಿದ ಅನುಮಾನವಿದ್ದರೆ ಹಿಂಡುವುದು ಅಪಾಯ. ಕೆಲವು ನಿಮಿಷ ಅಂಗವನ್ನು ಎತ್ತಿ ಹಿಡಿದರೆ ಸಾಕು. ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಅಪಧಮನಿ, ಅಭಿಧಮನಿ ಸೇರಿಸಿ ಮಾಡಿದ ಜೋಡಣೆ) ಇರುವ ಕೈಗೆ ಕಟ್ಟಲೇಬಾರದು.

ತುಂಬಿದ ಹೊತ್ತನ್ನು ಬೋರ್ಡಿನಲ್ಲಿ ಬರೆದು, ಒಂದು ಗಂಟೆಗೆ ಸರ್ಜನ್‌ಗೆ ಕೇಳಿಸುವಂತೆ ಹೇಳಿ. ನಂತರ ಪ್ರತಿ 15 ನಿಮಿಷಕ್ಕೊಮ್ಮೆ. 2 ಗಂಟೆ ಮೀರುವ ಕೆಲಸವಾದರೆ 10–15 ನಿಮಿಷ ಗಾಳಿ ಬಿಟ್ಟು ಅಂಗಕ್ಕೆ ರಕ್ತ ಹರಿಯಲು ಬಿಡಲೇಬೇಕು.

ಬಿಡುವ ಮುನ್ನ ಅರಿವಳಿಕೆ ತಜ್ಞರಿಗೆ ತಿಳಿಸಿ. ಅಂಗದಲ್ಲಿ ಕೂಡಿದ ಆಮ್ಲ, ಪೊಟ್ಯಾಸಿಯಂ ಒಮ್ಮೆಗೇ ಹರಿದು ಬಂದು ಬಿಪಿ ಇಳಿಯುತ್ತದೆ. ಬಿಯರ್ ಬ್ಲಾಕ್ (ಟೂರ್ನಿಕೆ ಕಟ್ಟಿದ ಅಂಗದ ಅಭಿಧಮನಿಗೆ ಮದ್ದು ಕೊಟ್ಟು ಮರಗಟ್ಟಿಸುವ ವಿಧಾನ) ಆಗಿದ್ದರೆ ಮದ್ದು ಕೊಟ್ಟು 20 ನಿಮಿಷ ಆಗುವ ಮೊದಲು, ಆಪರೇಷನ್ ಮುಗಿದಿದ್ದರೂ, ಬಿಡುವಂತಿಲ್ಲ. ಕೊನೆಯ ಬಾರಿ ಗಾಳಿ ಬಿಟ್ಟ ಕೂಡಲೇ ಕಫ್ ಜೊತೆ ಹತ್ತಿಯನ್ನೂ ತೆಗೆಯಿರಿ, ಸಡಿಲ ಕಫ್ ಕೂಡ ಅಭಿಧಮನಿಯನ್ನು ಒತ್ತುತ್ತದೆ. ಆಮೇಲೆ ಬೆರಳುಗಳ ಬಣ್ಣ, ಬಿಸಿ, ನಾಡಿ ನೋಡಿ ಬರೆದಿಡಿ.