ಚಳಿಗಾಲದ ಕೊನೆಯ ವಾರಗಳಲ್ಲಿ ಹಿಮಬೆಟ್ಟದ ದಾರಿ: ಯಾವಾಗ ಹೊರಡಬೇಕು, ಯಾವಾಗ ಹಿಂದಿರುಗಬೇಕು

ಹಿಮ ಬೀಳುವ ಬೆಟ್ಟಪ್ರದೇಶಗಳಲ್ಲಿ ಚಳಿಗಾಲದ ನಡುಭಾಗಕ್ಕಿಂತ ಅದರ ಕೊನೆಯ ವಾರಗಳೇ ಜನರನ್ನು ಹೆಚ್ಚು ಮೋಸಗೊಳಿಸುತ್ತವೆ. ಹಗಲು ಉದ್ದವಾಗಿರುತ್ತದೆ, ಬಿಸಿಲು ಬೆನ್ನಿಗೆ ಹಿತವೆನಿಸುತ್ತದೆ, ಮುಚ್ಚಿದ್ದ ದಾರಿಗಳು ಒಂದೊಂದಾಗಿ ತೆರೆಯತೊಡಗುತ್ತವೆ; ಆದರೆ ಎತ್ತರದ ಇಳಿಜಾರುಗಳಲ್ಲಿ ತಿಂಗಳುಗಟ್ಟಲೆ ಕೂಡುತ್ತ ಬಂದ ಹಿಮ ಬಹುಮಟ್ಟಿಗೆ ಇದೇ ವೇಳೆಗೆ ಅತಿ ದಪ್ಪವಾಗಿರುತ್ತದೆ. ಆದ್ದರಿಂದ ಈ ಕಾಲದಲ್ಲಿ ಪ್ರಯಾಣಿಸುವವರು ಎಷ್ಟು ಚಳಿಯಿದೆ ಎಂದು ಕೇಳುವುದಕ್ಕಿಂತ ಮೊದಲು, ಕಳೆದ 24 ಗಂಟೆಗಳಲ್ಲಿ ಏನು ಬದಲಾಗಿದೆ ಎಂದು ಕೇಳಬೇಕು. ಹೊಸ ಹಿಮ, ಗಾಳಿ, ಮಳೆ, ಏಕಾಏಕಿ ಏರಿದ ಉಷ್ಣತೆ, ಈ ನಾಲ್ಕರಲ್ಲಿ ಯಾವುದು ಬಂದಿದ್ದರೂ ನಿನ್ನೆ ಗಟ್ಟಿಯಾಗಿದ್ದ ಇಳಿಜಾರನ್ನು ಇಂದು ನಂಬುವಂತಿಲ್ಲ.

ಇದಕ್ಕೆ ಕಾರಣ ಹಿಮದ ಒಳಗೇ ಇದೆ. ಪ್ರತಿ ಹಿಮಪಾತವೂ ಒಂದು ಪದರವಾಗಿ ಕೂರುತ್ತದೆ. ಹಿಮ ತೆಳ್ಳಗಿದ್ದು ಆಕಾಶ ತಿಳಿಯಾಗಿರುವ ದಿನಗಳಲ್ಲಿ, ನೆಲದ ಹತ್ತಿರದ ಹಿಮ ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿದ್ದರೆ ಮೇಲ್ಮೈ ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಪ್ರತಿ 10 ಸೆಂಟಿಮೀಟರಿಗೆ ಸುಮಾರು 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಉಂಟಾದರೆ ಹಿಮದ ಕಣಗಳು ಒಂದಕ್ಕೊಂದು ಅಂಟದ, ಒರಟು ಸಕ್ಕರೆಯಂತಹ ಹರಳುಗಳಾಗಿ ಮಾರ್ಪಡುತ್ತವೆ. ಮುಂದೆ ಬೀಳುವ ಹಿಮ ಈ ದುರ್ಬಲ ಪದರದ ಮೇಲೆ ಗಟ್ಟಿ ಹಲಗೆಯಂತೆ ಕೂರುತ್ತದೆ. ಆ ಹಲಗೆ ವಾರಗಟ್ಟಲೆ ಅಲುಗದೆ ನಿಂತಿದ್ದು, ಒಬ್ಬ ಮನುಷ್ಯನ ಭಾರಕ್ಕೆ ಕಳಚಿಕೊಳ್ಳಬಲ್ಲದು. ಬೆಟ್ಟವೇರುವವರು ಮತ್ತು ಸ್ಕೀಯಿಂಗ್ ಮಾಡುವವರು ಸಿಕ್ಕಿಬೀಳುವ ಹಿಮಕುಸಿತಗಳಲ್ಲಿ ಬಹುಪಾಲನ್ನು ಅವರೋ ಅವರ ಜೊತೆಗಾರರೋ ತಮ್ಮ ಹೆಜ್ಜೆಯಿಂದಲೇ ಎಬ್ಬಿಸಿರುತ್ತಾರೆ ಎಂಬುದನ್ನು ನಾನು ಇಲ್ಲಿ ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ನಿರ್ಧಾರಕ್ಕೆ ನಿಜವಾಗಿಯೂ ಬೆಲೆ ಇರುವುದು ಇದರಿಂದಲೇ.

ಬದಲಾವಣೆಯ ವೇಗ ಏನು ಮಾಡಬಲ್ಲದು ಎಂಬುದಕ್ಕೆ ಎರಡು ಘಟನೆಗಳನ್ನು ನೆನೆಯಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ವೆಲ್ಲಿಂಗ್ಟನ್ ಎಂಬಲ್ಲಿ ಎರಡು ರೈಲುಗಳು ಹಿಮದಿಂದಾಗಿ ದಿನಗಟ್ಟಲೆ ನಿಂತುಬಿಟ್ಟಿದ್ದವು; ಹಿಮ ನಿಂತು ಮಳೆ ಮತ್ತು ಗುಡುಗು ಬಂದ ಮೇಲೆ, 1910ರ ಮಾರ್ಚ್ 1ರ ನಸುಕಿನಲ್ಲಿ ಮೇಲಿನ ಇಳಿಜಾರು ಕಳಚಿ 96 ಜನ ಸತ್ತರು. ಆಸ್ಟ್ರಿಯಾದ ಗಾಲ್ಟ್ಯೂರ್ ಗ್ರಾಮದಲ್ಲಿ ವಾರಗಟ್ಟಲೆ ಸುರಿದ ಹಿಮ ಮತ್ತು ಬಿರುಗಾಳಿಯ ಬಳಿಕ 1999ರ ಫೆಬ್ರವರಿ 23ರಂದು ಹಿಮಕುಸಿತವು ಅಪಾಯವಿಲ್ಲದ ವಲಯವೆಂದು ಗುರುತಿಸಿದ್ದ ಮನೆಗಳವರೆಗೂ ನುಗ್ಗಿ 31 ಜನರನ್ನು ಬಲಿ ತೆಗೆದುಕೊಂಡಿತು. ಹಿಂದೆಂದೂ ಇಲ್ಲಿಗೆ ಬಂದಿರಲಿಲ್ಲ ಎಂಬ ಮಾತನ್ನು ಬೆಟ್ಟದಲ್ಲಿ ಪುರಾವೆಯೆಂದು ಹಿಡಿಯಬಾರದು.

ಹೊರಡುವ ಹಿಂದಿನ ಸಂಜೆ ಮತ್ತು ಹೊರಡುವ ಬೆಳಿಗ್ಗೆ, ಎರಡೂ ಹೊತ್ತು, ಆ ಪ್ರದೇಶದ ಹವಾಮಾನ ಮುನ್ಸೂಚನೆಯನ್ನೂ ಹಿಮಕುಸಿತದ ಎಚ್ಚರಿಕೆಯನ್ನೂ ಓದಿಕೊಳ್ಳಿ. ಎಚ್ಚರಿಕೆಯನ್ನು ಸಾಮಾನ್ಯವಾಗಿ 1ರಿಂದ 5ರವರೆಗಿನ ಮಟ್ಟಗಳಲ್ಲಿ ಕೊಡುತ್ತಾರೆ. ಅನೇಕರು 3ನೆಯ ಮಟ್ಟವನ್ನು ನಡುವಿನದೆಂದು, ಅಂದರೆ ಪರವಾಗಿಲ್ಲವೆಂದು ಓದಿಕೊಳ್ಳುತ್ತಾರೆ. ಆದರೆ ಒಂದು ಮಟ್ಟದಿಂದ ಇನ್ನೊಂದಕ್ಕೆ ಅಪಾಯ ಸಮನಾಗಿ ಏರದೆ ಹಲವು ಪಟ್ಟು ಏರುತ್ತದೆ, ಮತ್ತು 4 ಹಾಗೂ 5ರ ದಿನಗಳಲ್ಲಿ ಜನ ಹೊರಗೇ ಹೋಗದ ಕಾರಣ ಸಾವುಗಳ ದೊಡ್ಡ ಪಾಲು 3ನೆಯ ಮಟ್ಟದ ದಿನಗಳಲ್ಲೇ ಸಂಭವಿಸುತ್ತದೆ. ಅನುಭವಿ ಜೊತೆಗಾರರಿಲ್ಲದವರು 3 ಎಂದು ಕಂಡ ದಿನ ಕಡಿದಾದ ಇಳಿಜಾರಿನ ಕಡೆ ಹೋಗಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹೋಗುವ ದಾರಿ ಮತ್ತು ಮರಳುವ ಗಂಟೆಯನ್ನು ಕೆಳಗೆ ಉಳಿಯುವ ಒಬ್ಬರಿಗೆ ಬರೆದು ಕೊಡಿ. ಗುರಿ ತಲುಪಿರಲಿ, ತಲುಪದಿರಲಿ, ಯಾವ ಗಂಟೆಗೆ ತಿರುಗಿಬಿಡಬೇಕೆಂಬುದನ್ನು ಮನೆಯಲ್ಲೇ ತೀರ್ಮಾನಿಸಿ. ದಣಿದ ಮೇಲೆ ತೆಗೆದುಕೊಳ್ಳುವ ತೀರ್ಮಾನಗಳು ಸಾಮಾನ್ಯವಾಗಿ ಆಸೆಯ ಕಡೆಗೇ ವಾಲುತ್ತವೆ.

ದಾರಿಯಲ್ಲಿ ಮೊದಲು ಅಳೆಯಬೇಕಾದದ್ದು ಇಳಿಜಾರಿನ ಕೋನ. ಹಲಗೆಯಂತೆ ಜಾರುವ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಕೋನದ ಇಳಿಜಾರುಗಳಲ್ಲಿ ಆರಂಭವಾಗುತ್ತವೆ. ಕಣ್ಣಂದಾಜು ಇಲ್ಲಿ ಬಹಳ ತಪ್ಪುತ್ತದೆ. ಮೊಬೈಲಿನಲ್ಲಿರುವ ಕೋನಮಾಪಕವನ್ನು ಇಳಿಜಾರಿಗೆ ಸಮಾನಾಂತರವಾಗಿ ಹಿಡಿದ ಕೋಲಿನ ಮೇಲಿಟ್ಟು ನೋಡುವುದು ಉತ್ತಮ. ನೀವು ನಿಂತಿರುವ ಜಾಗ ಸಮತಟ್ಟಾಗಿದ್ದರೆ ಸಾಲದು, ತಲೆಯ ಮೇಲೆ ಏನಿದೆ ಎಂಬುದನ್ನೂ ನೋಡಬೇಕು, ಏಕೆಂದರೆ ಕುಸಿದ ಹಿಮ ಕಣಿವೆಯ ತಳದಲ್ಲಿ ಬಹುದೂರ ಹರಿದು ಬರುತ್ತದೆ. ಕೆಳಗೆ ಕಮರಿಯೋ ಬಂಡೆಗಳೋ ಮರಗಳೋ ಇದ್ದರೆ ಸಣ್ಣ ಕುಸಿತವೂ ಪ್ರಾಣ ತೆಗೆಯುತ್ತದೆ.

ಹಿಮವೂ ತನ್ನ ಸ್ಥಿತಿಯನ್ನು ತೋರಿಸುತ್ತದೆ. ಅಕ್ಕಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತ ಕಂಡರೆ, ಹೆಜ್ಜೆಯಿಟ್ಟಾಗ ಕಾಲ ಕೆಳಗಿನ ಹಿಮ ಒಮ್ಮೆಲೆ ಕುಕ್ಕರಿಸಿದಂತೆ 'ಧುಮ್' ಎಂದು ಸದ್ದು ಮಾಡಿದರೆ, ಪಾದದಿಂದ ಮುಂದಕ್ಕೆ ಬಿರುಕು ಓಡಿದರೆ, ಅಲ್ಲಿಗೆ ಪ್ರಯಾಣ ಮುಗಿಯಿತು. ಬಂದ ದಾರಿಯಲ್ಲೇ ಹಿಂದಿರುಗಿ. ಒಂದೇ ದಿನದಲ್ಲಿ 30 ಸೆಂಟಿಮೀಟರ್ ಹಿಮ ಬಿದ್ದಿದ್ದರೆ ಅದೂ ಅಷ್ಟೇ ಗಂಭೀರ ಸೂಚನೆ. ಆಕಾಶ ತಿಳಿಯಾಗಿದ್ದರೂ ಗಾಳಿಯೊಂದೇ ಒಂದು ಮಗ್ಗುಲಿನ ಹಿಮವನ್ನು ಹೊತ್ತು ದಿಣ್ಣೆಯ ಆಚೆಯ ಮರೆಯಲ್ಲಿ ರಾಶಿ ಹಾಕುತ್ತದೆ. ಶಿಖರದಿಂದ ಬಿಳಿ ಬಾವುಟದಂತೆ ಹಿಮ ಹಾರುತ್ತಿದ್ದರೆ ಆ ಕೆಲಸ ನಡೆಯುತ್ತಿದೆಯೆಂದೇ ಅರ್ಥ. ಹೀಗೆ ಗಾಳಿ ಕಟ್ಟಿದ ಹಿಮದ ಚಾಚು ದಿಣ್ಣೆಯ ಅಂಚಿನಿಂದ ಹೊರಕ್ಕೆ ತೂಗಾಡುತ್ತಿರುತ್ತದೆ, ಮತ್ತು ಅದು ಮುರಿಯುವಾಗ ನಾವು ಎಣಿಸಿದ್ದಕ್ಕಿಂತ ಹಿಂದಿನಿಂದ ಮುರಿಯುತ್ತದೆ. ಅಂಚಿಗೆ ಹೋಗಿ ಇಣುಕಬೇಡಿ.

ಚಳಿಗಾಲದ ಕೊನೆಯಲ್ಲಿ ಗಡಿಯಾರಕ್ಕೆ ಇರುವಷ್ಟು ಮಹತ್ವ ಬೇರಾವುದಕ್ಕೂ ಇಲ್ಲ. ತಿಳಿಯಾದ ರಾತ್ರಿಯಲ್ಲಿ ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಬೆಳಗಿನ ಜಾವ ಅದರ ಮೇಲೆ ನಡೆಯುವುದು ಕಲ್ಲುಹಾಸಿನ ಮೇಲೆ ನಡೆದಂತಿರುತ್ತದೆ. ಮೋಡ ಕವಿದ ರಾತ್ರಿಯಲ್ಲಿ ಈ ಶಾಖ ಹೊರಹೋಗುವುದಿಲ್ಲ, ಹೆಪ್ಪು ಸರಿಯಾಗಿ ಕಟ್ಟುವುದಿಲ್ಲ, ಮುಂಜಾನೆಯೇ ಹಿಮ ಮೆತ್ತಗಿರುತ್ತದೆ. ಅಂತಹ ದಿನ ಹೊರಡದಿರುವುದೇ ಲೇಸು. ಉತ್ತರ ಗೋಳಾರ್ಧದಲ್ಲಿ ಪೂರ್ವದ ಇಳಿಜಾರುಗಳು ಮೊದಲು ಬಿಸಿಯಾಗುತ್ತವೆ, ನಂತರ ದಕ್ಷಿಣದವು, ಮಧ್ಯಾಹ್ನದ ಮೇಲೆ ಪಶ್ಚಿಮದವು. ಉತ್ತರಕ್ಕೆ ಮುಖಮಾಡಿದ ನೆರಳಿನ ಇಳಿಜಾರುಗಳಲ್ಲಿ ಹಳೆಯ ದುರ್ಬಲ ಪದರಗಳು ಬಹುಕಾಲ ಉಳಿದುಕೊಂಡಿರುತ್ತವೆ. ಬಂಡೆಗಳ ಬುಡದಿಂದ ಹಿಮದ ಉಂಡೆಗಳು ತಾವಾಗಿಯೇ ಉರುಳತೊಡಗಿದರೆ, ಅಥವಾ ಕಾಲು ಕಣಕಾಲು ದಾಟಿ ಹೂತುಹೋಗುತ್ತಿದ್ದರೆ, ಆ ಮಗ್ಗುಲಿನ ಹೊತ್ತು ಮುಗಿದಿದೆ. ಹಿಮದ ಮೇಲೆ ಮಳೆ ಬಿದ್ದರಂತೂ ಗಂಟೆಗಳನ್ನು ಎಣಿಸುವ ಪ್ರಶ್ನೆಯೇ ಇಲ್ಲ. ಕೂಡಲೇ ಇಳಿಜಾರಿನಿಂದ ದೂರ ಸರಿಯಬೇಕು.

ಸಂಶಯವಿರುವ ಇಳಿಜಾರನ್ನು ದಾಟಲೇಬೇಕಾಗಿ ಬಂದರೆ ಒಬ್ಬೊಬ್ಬರಾಗಿ ದಾಟಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ದಾಟುವವರ ಮೇಲೆ ಕಣ್ಣಿಟ್ಟಿರಲಿ. ಪ್ರತಿಯೊಬ್ಬರ ಬಳಿಯೂ 457 ಕಿಲೋಹರ್ಟ್ಸ್‌ನಲ್ಲಿ ಕೆಲಸಮಾಡುವ ಟ್ರಾನ್ಸೀವರ್ (ಹೂತುಹೋದವರನ್ನು ಪತ್ತೆಹಚ್ಚಲು ಸಂಕೇತ ಕಳಿಸುವ ಮತ್ತು ಹಿಡಿಯುವ ಪುಟ್ಟ ರೇಡಿಯೊ ಸಾಧನ), ಹಿಮದೊಳಗೆ ಚುಚ್ಚಿ ಹುಡುಕುವ ಮಡಚುವ ಶೋಧಕೋಲು ಮತ್ತು ಸಲಿಕೆ ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡರ ಪ್ರಯೋಜನ ಬಹಳ ಕಡಿಮೆಯಾಗುತ್ತದೆ. ಹೂತುಹೋದವರನ್ನು ಮೊದಲ 10 ನಿಮಿಷಗಳಲ್ಲಿ ಹೊರತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆಯುವ ಹೊತ್ತಿಗೆ ಹೆಚ್ಚಿನವರು ಉಸಿರುಗಟ್ಟಿ ಸತ್ತಿರುತ್ತಾರೆ. ಆದ್ದರಿಂದ ಎಲ್ಲರೂ ಸಹಾಯ ಕರೆತರಲು ಓಡದೆ, ಒಬ್ಬರು ಕರೆ ಮಾಡುತ್ತಿರುವಾಗಲೇ ಉಳಿದವರು ಹುಡುಕಲು ತೊಡಗಬೇಕು. ಕೊನೆಯ ಬಾರಿ ವ್ಯಕ್ತಿ ಕಂಡ ಜಾಗವನ್ನು ಗುರುತಿಟ್ಟುಕೊಂಡು ಅಲ್ಲಿಂದ ಕೆಳಕ್ಕೆ ಶೋಧಿಸಿ. ಶೋಧಕೋಲು ದೇಹಕ್ಕೆ ತಾಗಿದರೆ ಅದನ್ನು ಅಲ್ಲೇ ಬಿಟ್ಟು, ಇಳಿಜಾರಿನ ಕೆಳಬದಿಯಿಂದ ಅದರ ಕಡೆಗೆ ಅಗೆಯುತ್ತ ಹೋಗಿ, ಮೊದಲು ಮುಖ ಮತ್ತು ಎದೆಯನ್ನು ಬಿಡಿಸಿ. ಸಿಕ್ಕಿಕೊಂಡವರು ನೀವೇ ಆಗಿದ್ದರೆ, ಹಿಮ ನಿಲ್ಲುವ ಮೊದಲೇ ಮುಖದ ಮುಂದೆ ಕೈ ಅಡ್ಡಹಿಡಿದು ಉಸಿರಾಟಕ್ಕೆ ಜಾಗ ಮಾಡಿಕೊಳ್ಳಲು ಯತ್ನಿಸಿ, ನಿಂತ ಮೇಲೆ ಅದು ಕಾಂಕ್ರೀಟಿನಂತೆ ಬಿಗಿಯುತ್ತದೆ.

ಚಳಿಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಪ್ರತಿ 1000 ಮೀಟರ್ ಏರಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರಂತೆ ತಾಗುತ್ತದೆ. ಈ ಕಾಲದಲ್ಲಿ ಹಗಲು ಬೆವರಿ ಒದ್ದೆಯಾದ ಬಟ್ಟೆಯೇ ಸಂಜೆಯ ಶತ್ರುವಾಗುತ್ತದೆ, ಹೀಗಾಗಿ ಒಣ ಒಳಉಡುಪು ಚೀಲದಲ್ಲಿ ಇರಲೇಬೇಕು. ಜೊತೆಗಾರರು ತೊದಲಿದರೆ, ಎಡವಿದರೆ, ಅಥವಾ ಮೈ ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ದೇಹದ ಒಳಗಿನ ಶಾಖ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದು ತಿಳಿದು, ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಹೊದಿಸಿ. ಮದ್ಯ ಕೊಡಬೇಡಿ, ಕೈಕಾಲು ತಿಕ್ಕಬೇಡಿ. ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ ಶೇ. 80ರಷ್ಟನ್ನು ಪ್ರತಿಫಲಿಸಬಲ್ಲದು, ತೆಳು ಮೋಡವಿದ್ದರೂ ಕಪ್ಪು ಕನ್ನಡಕ ತೆಗೆಯಬಾರದು.

ವಾಹನದಲ್ಲಿ ಹೋಗುವವರು ನೆರಳಿನ ತಿರುವುಗಳಲ್ಲಿ ಮತ್ತು ಸೇತುವೆಗಳ ಮೇಲೆ, ವಿಶೇಷವಾಗಿ ನಸುಕಿನಲ್ಲಿ, ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಇದೆಯೆಂದೇ ಭಾವಿಸಿ ನಿಧಾನಿಸಬೇಕು. ಹಿಮದಲ್ಲಿ ಸಿಕ್ಕಿಕೊಂಡರೆ ವಾಹನ ಬಿಟ್ಟು ನಡೆಯಬೇಡಿ. ಎಂಜಿನ್ನನ್ನು ಗಂಟೆಗೆ ಸುಮಾರು 10 ನಿಮಿಷ ಮಾತ್ರ ಓಡಿಸಿ, ಪ್ರತಿ ಸಲವೂ ಮೊದಲು ಹೊಗೆಕೊಳವೆಯ ಬಾಯಿಯಿಂದ ಹಿಮ ತೆಗೆದು, ಕಿಟಕಿಯನ್ನು ಸ್ವಲ್ಪ ಇಳಿಸಿರಿ. ಕೊಳವೆ ಮುಚ್ಚಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ.

ಮರಳುವ ದಾರಿಯಲ್ಲಿ ತೊರೆಗಳ ಬಗ್ಗೆ ಎಚ್ಚರವಿರಲಿ. ಬೆಳಿಗ್ಗೆ ಸಲೀಸಾಗಿ ದಾಟಿದ ಹಿಮದ ಸೇತುವೆ ದಿನದ ಬಿಸಿಲಿಗೂ ಅಡಿಯಲ್ಲಿ ಹರಿಯುವ ನೀರಿಗೂ ತೆಳುವಾಗಿರುತ್ತದೆ, ಹಿಮ ಕರಗಿದ ನೀರು ಮಧ್ಯಾಹ್ನ ಕಳೆದ ಮೇಲೆ ಏರುತ್ತ ಹೋಗಿ ಮುಂಜಾವಿನ ಹೊತ್ತಿಗೆ ತಗ್ಗುತ್ತದೆ. ಸಂಜೆ ತೊರೆಯ ದಡಕ್ಕೆ ಬಂದು ನೀರು ಹೆಚ್ಚಿದ್ದು ಕಂಡರೆ, ಇಳಿಜಾರಿನ ಕೆಳಗಲ್ಲದ ಎತ್ತರದ ಜಾಗ ಹುಡುಕಿ ರಾತ್ರಿ ಅಲ್ಲೇ ತಂಗಿ, ನಸುಕಿನಲ್ಲಿ ದಾಟಿ. ಆ ಒಂದು ರಾತ್ರಿಗೆ ಬೇಕಾದಷ್ಟು ಆಹಾರ ಮತ್ತು ಹೊದಿಕೆಯನ್ನು ಒಂದೇ ದಿನದ ಪ್ರಯಾಣಕ್ಕೂ ಕಟ್ಟಿಕೊಂಡೇ ಹೊರಡಬೇಕು.