ಕಾರ್ಡ್ ಬದಲಿಸುವ ಮುನ್ನ ರೆಂಡರ್ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ನೋಡುವುದು

ದುಬಾರಿ ಗ್ರಾಫಿಕ್ಸ್ ಕಾರ್ಡ್ (ಜಿಪಿಯು) ಹಾಕಿದರೆ ವಿಡಿಯೋ ರೆಂಡರ್ ತಾನಾಗಿ ಓಡುತ್ತದೆ ಅನ್ನುವುದು ಅರ್ಧ ಮಾತ್ರ ನಿಜ. ಎಕ್ಸ್‌ಪೋರ್ಟ್ ಒತ್ತಿದ ಮೇಲೆ ಕ್ಯಾಮೆರಾ ಫೈಲನ್ನು ಡಿಕೋಡ್ ಮಾಡಬೇಕು (ಒತ್ತಿಟ್ಟದ್ದನ್ನು ಬಿಡಿಸಬೇಕು), ಬಣ್ಣ ಮತ್ತು ಎಫೆಕ್ಟುಗಳ ಲೆಕ್ಕ ಮುಗಿಸಬೇಕು, ಕೊನೆಗೆ ಎಚ್.264 ಮಾದರಿಯ ಫೈಲಾಗಿ ಎನ್‌ಕೋಡ್ ಮಾಡಬೇಕು (ಮತ್ತೆ ಒತ್ತಿಡಬೇಕು). ಕಾರ್ಡಿನೊಳಗೆ ಇವಕ್ಕೆ ಬೇರೆ ಬೇರೆ ಭಾಗಗಳಿವೆ. ಯಾವುದು ಹಿಂದೆ ಬೀಳುತ್ತದೋ ಉಳಿದವು ಅದಕ್ಕಾಗಿ ಕಾಯುತ್ತವೆ.

ಮದುವೆ ಫೂಟೇಜಿನ ಎರಡು ನಿಮಿಷದ ತುಣುಕೊಂದನ್ನು ಪರೀಕ್ಷೆಗೆಂದೇ ಇಟ್ಟುಕೊಂಡಿದ್ದೇನೆ. ಮೊದಲು ಬರೀ ಕಟ್‌ಗಳೊಂದಿಗೆ, ಆಮೇಲೆ ಕಲರ್ ಮತ್ತು ನಾಯ್ಸ್ ರಿಡಕ್ಷನ್ ಹಾಕಿ, ಕೊನೆಗೆ ಅದನ್ನೇ ಎಚ್.264 ಬದಲು ಡಿಎನ್‌ಎಕ್ಸ್‌ಎಚ್‌ಆರ್‌ಗೆ (ಕಡಿಮೆ ಒತ್ತುವ, ಎಡಿಟಿಂಗಿಗೆಂದೇ ಇರುವ ಫೈಲ್ ಮಾದರಿ) ಎಕ್ಸ್‌ಪೋರ್ಟ್ ಮಾಡುತ್ತೇನೆ. ಆಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಪುಟ ತೆರೆದು ವಿಡಿಯೋ ಡಿಕೋಡ್, ವಿಡಿಯೋ ಎನ್‌ಕೋಡ್ ಗ್ರಾಫುಗಳನ್ನು ಆರಿಸಿಕೊಳ್ಳಬೇಕು; ಎಡಗಡೆ ಕಾಣುವ ಒಂದೇ ಶೇಕಡಾ ಅಂಕಿಯನ್ನು ನಂಬಿದರೆ ದಾರಿ ತಪ್ಪುತ್ತದೆ. ಡಿಕೋಡ್ ಗ್ರಾಫ್ ಸೊನ್ನೆಯಲ್ಲಿದ್ದು ಪ್ರೊಸೆಸರ್ 100ಕ್ಕೆ ಮುಟ್ಟಿದ್ದರೆ, ಆ ಫೈಲನ್ನು ಕಾರ್ಡ್ ಮುಟ್ಟುತ್ತಲೇ ಇಲ್ಲ ಎಂದರ್ಥ.

ಈಗ ಹೆಚ್ಚಾಗಿ ಕಾಣುವ ತೊಂದರೆ ಇದೇ. ಸೋನಿ ಎ7 4, ಕ್ಯಾನನ್ ಆರ್6 ಕೊಡುವ 10 ಬಿಟ್ 4:2:2 (ಬಣ್ಣದ ವಿವರ ಹೆಚ್ಚಿರುವ) ಫೈಲುಗಳನ್ನು ಎನ್‌ವಿಡಿಯಾದ ಆರ್‌ಟಿಎಕ್ಸ್ 30, 40 ಸರಣಿಯ ಕಾರ್ಡುಗಳು ಹಾರ್ಡ್‌ವೇರ್‌ನಲ್ಲಿ ಡಿಕೋಡ್ ಮಾಡುವುದಿಲ್ಲ. 50 ಸರಣಿ ಮಾಡುತ್ತದೆ. ಫೈಲ್ ಎಚ್.265 ಮಾದರಿಯದ್ದಾಗಿದ್ದರೆ ಇಂಟೆಲ್ 11ನೇ ಪೀಳಿಗೆಯಿಂದೀಚಿನ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸೂ ಮಾಡುತ್ತದೆ. ಹಾಗಾಗಿ ಸಾವಿರ ಎರಡು ಸಾವಿರ ಉಳಿಯಿತೆಂದು ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರ್ ತರಬೇಡಿ, ಅದರಲ್ಲಿ ಆ ಗ್ರಾಫಿಕ್ಸೇ ಇಲ್ಲ. ಇದ್ದರೂ, ಕಾರ್ಡ್ ಹಾಕಿದ ತಕ್ಷಣ ಎಷ್ಟೋ ಮದರ್‌ಬೋರ್ಡುಗಳು ಅದನ್ನು ಆಫ್ ಮಾಡುತ್ತವೆ. ಬಯೋಸ್‌ಗೆ ಹೋಗಿ ಐಜಿಪಿಯು (ಅದೇ ಒಳಗಿನ ಗ್ರಾಫಿಕ್ಸ್) ಮಲ್ಟಿ ಮಾನಿಟರ್ ಆನ್ ಮಾಡಿ, ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಮೀಡಿಯಾ ಪ್ರಿಫರೆನ್ಸಿನಲ್ಲಿ ಇಂಟೆಲ್ ಡಿಕೋಡಿಂಗಿಗೆ ಟಿಕ್ ಹಾಕಿ. ಸೋನಿಯ ಎಕ್ಸ್‌ಎವಿಸಿ ಎಸ್ ರೆಕಾರ್ಡಿಂಗ್ ಮಾತ್ರ ಎಚ್.264. ಅದರ 4:2:2ಗೆ ಹೆಚ್ಚಿನ ಇಂಟೆಲ್ ಪ್ರೊಸೆಸರ್‌ಗಳಲ್ಲೂ ದಾರಿಯಿಲ್ಲ, ಪ್ರಾಕ್ಸಿ (ಎಡಿಟಿಂಗಿಗೆಂದು ಹಗುರವಾದ ಪ್ರತಿ) ಮಾಡಿಕೊಳ್ಳುವುದೇ ವಾಸಿ.

ಕಲರ್, ನಾಯ್ಸ್ ರಿಡಕ್ಷನ್ ಹಾಕಿದ ಎರಡನೇ ಎಕ್ಸ್‌ಪೋರ್ಟ್ ಮಾತ್ರ ತೆವಳಿದರೆ ಕಾರ್ಡಿನ ಶಕ್ತಿ, ಅದಕ್ಕಿಂತ ಹೆಚ್ಚಾಗಿ ಮೆಮೊರಿ ಸಾಲುತ್ತಿಲ್ಲ. ಡಾವಿಂಚಿ ರಿಸಾಲ್ವ್ ಸ್ಟುಡಿಯೋದಲ್ಲಿ 4ಕೆ ಟೈಮ್‌ಲೈನಿಗೆ ಟೆಂಪೊರಲ್ ನಾಯ್ಸ್ ರಿಡಕ್ಷನ್ (ಅಕ್ಕಪಕ್ಕದ ಫ್ರೇಮುಗಳನ್ನು ಹೋಲಿಸಿ ಕಾಳು ತೆಗೆಯುವುದು) ಹಾಕಿದರೆ 4 ಜಿಬಿ ಕಾರ್ಡ್ ‘ಜಿಪಿಯು ಮೆಮೊರಿ ಫುಲ್’ ಎಂದು ಕೈಯೆತ್ತುತ್ತದೆ. ಇಂಥ ಕೆಲಸಕ್ಕೆ ನಾನಾದರೆ 8 ಜಿಬಿಯ 3060 ಟಿಐ ಬಿಟ್ಟು, ಅದಕ್ಕಿಂತ ನಿಧಾನದ 12 ಜಿಬಿ 3060ಯನ್ನೇ ಆರಿಸುತ್ತೇನೆ. ಅದು ಎಳೆಯುವುದು 170 ವ್ಯಾಟ್, 550 ವ್ಯಾಟಿನ ಒಳ್ಳೆಯ ಪವರ್ ಸಪ್ಲೈ ಸಾಕು. ಇನ್ನು ಅಲುಗಾಟ ತೆಗೆಯುವ ಪ್ರೀಮಿಯರ್‌ನ ವಾರ್ಪ್ ಸ್ಟೆಬಿಲೈಸರ್ ವಿಶ್ಲೇಷಣೆ ಪ್ರೊಸೆಸರ್ ಕೆಲಸ. ಅದಕ್ಕೆಂದು ಕಾರ್ಡ್ ಕೊಂಡರೆ ದುಡ್ಡು ದಂಡ.

ಡಿಎನ್‌ಎಕ್ಸ್‌ಎಚ್‌ಆರ್ ಬೇಗ ಮುಗಿದು ಎಚ್.264 ನಿಧಾನವಾದರೆ ಎನ್‌ಕೋಡಿಂಗ್ ಕಡೆ ನೋಡಿ. (ಡಿಎನ್‌ಎಕ್ಸ್‌ಎಚ್‌ಆರ್‌ನ 4ಕೆ ಎಚ್‌ಕ್ಯೂ ನಿಮಿಷಕ್ಕೆ ಸುಮಾರು 5 ಜಿಬಿ ಬರೆಯುತ್ತದೆ, ಎಸ್‌ಎಸ್‌ಡಿ ಮೇಲೆಯೇ ಪರೀಕ್ಷಿಸಿ.) ಜಿಟಿ 1030, ಆರ್‌ಎಕ್ಸ್ 6400, 6500 ಎಕ್ಸ್‌ಟಿ ಕಾರ್ಡುಗಳಲ್ಲಿ ಎನ್‌ಕೋಡರ್ ಇಲ್ಲವೇ ಇಲ್ಲ, ಅಂಗಡಿಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 40 ಸರಣಿಯಲ್ಲಿ 4070 ಟಿಐ ಮತ್ತು ಮೇಲಿನವುಗಳಲ್ಲಿ ಎರಡಿವೆ. ಕಾರ್ಡ್ ಸರಿಯಿದ್ದೂ ನಿಧಾನವೆಂದರೆ ಪ್ರೀಮಿಯರ್‌ನಲ್ಲಿ ವಿಬಿಆರ್ 2 ಪಾಸ್ (ವಿಡಿಯೋವನ್ನು ಎರಡು ಸಲ ಓದಿ ಎನ್‌ಕೋಡ್ ಮಾಡುವ ಆಯ್ಕೆ) ಇಟ್ಟಿರುತ್ತಾರೆ; ಅದರಿಂದ ಹಾರ್ಡ್‌ವೇರ್ ಎನ್‌ಕೋಡಿಂಗ್ ಕೈಬಿಟ್ಟುಹೋಗುತ್ತದೆ. 1 ಪಾಸ್‌ಗೆ ಬದಲಿಸಿ, ಬಿಟ್‌ರೇಟ್ ಸ್ವಲ್ಪ ಏರಿಸಿ.